ಸಂಚಾರ ಕೋರ್ಟಿನ ಕಡತ ಮತ್ತು ನಾವು

(ಅಕ್ಕಿ ಗಿರಣಿ ಕೆಲಸಗಾರರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸಿನ ವಿಷಯ, ಬೆಲೆಗಳ ವಿಷಯ ಈ ವೇದಿಕೆಯಿಂದ ಬೇಕಾದಷ್ಟು ಸಲ ಆಡಿದ್ದಾಗಿದೆ. ರಸ್ತೆಯ ಮೇಲೆ ನಡೆದ ಮೊಕದ್ದಮೆಯ ಕಡತವನ್ನು ಕೋರ್ಟಿನಲ್ಲಿ ಹುಡುಕಿ ಅದರ ನಕಲು ಪಡೆಯುವುದು ಹೇಗೆಂಬುದನ್ನು ಇಂದು ಹೇಳಬೇಕೆಂದಿದ್ದೇವೆ. ನಾವು ಮೊದಲು ಮೇಷ್ಟರ ಕೆಲಸದಲ್ಲಿದ್ದವರು. ಹೇಳಿದ್ದನ್ನೇ ಎರಡು ಸಲ ಹೇಳುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಬೇಸರಪಡದೆ ಕೇಳಬೇಕು.

ರಸ್ತೆಯ ಕಷ್ಟ ಹೇಳಿಕೊಂಡು ನಮ್ಮಲ್ಲಿಗೆ ಬರುವವರು ಎರಡು ಬಗೆ. ಒಬ್ಬರು ಪೇಟೆಯವರು. ಸಾಮಾನು ಸಾಗಿಸುವ ಆಟೋಕ್ಕೋ ದ್ವಿಚಕ್ರಕ್ಕೋ ದಂಡ ಬಿದ್ದಿದೆಯೆಂದು ಫೋನಿಗೆ ಸಂದೇಶ ಬಂದಿರುತ್ತದೆ. ಯಾವ ದಿನ, ಯಾವ ವೃತ್ತ, ಯಾವ ತಪ್ಪು, ಒಂದೂ ನೆನಪಿಲ್ಲ. ಇನ್ನೊಬ್ಬರು ಗಿರಣಿಯವರು, ಹಮಾಲರು. ರಾತ್ರಿ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಹೋಗುತ್ತಿದ್ದವರಿಗೆ ಲಾರಿ ತಾಗಿ ಕಾಲು ಹೋಗಿರುತ್ತದೆ, ಕೆಲವು ಮನೆಗಳಲ್ಲಿ ಜೀವವೇ ಹೋಗಿರುತ್ತದೆ. ಮೊದಲನೆಯವರು ಕೇಳುವುದು, "ಎಷ್ಟು ಕಟ್ಟಬೇಕು?" ಎರಡನೆಯವರು ಕೇಳುವುದು, "ಎಷ್ಟು ಸಿಕ್ಕೀತು?" ಇಬ್ಬರಿಗೂ ನಾವು ಕೇಳುವ ಮರುಪ್ರಶ್ನೆ ಒಂದೇ: "ಕಾಗದ ಎಲ್ಲಿ?" ಬಹುಪಾಲು ಜನರ ಕೈಯಲ್ಲಿ ಕಾಗದವಿರುವುದಿಲ್ಲ.

ಎದುರು ಪಕ್ಷದವರನ್ನು ನೋಡಿ. ಲಾರಿ ಮಾಲೀಕರ ಕಡತ ಅವರ ವಕೀಲರ ಕಪಾಟಿನಲ್ಲಿರುತ್ತದೆ. ವಿಮಾ ಕಂಪನಿಯವರು ಪ್ರಥಮ ವರ್ತಮಾನ ವರದಿಯಿಂದ ಹಿಡಿದು ಆಸ್ಪತ್ರೆಯ ಚೀಟಿಯ ತನಕ ತರಿಸಿಕೊಂಡು ಅಕ್ಷರ ಅಕ್ಷರ ಓದಿ ಕೋರ್ಟಿಗೆ ಬರುತ್ತಾರೆ. ಕಾಲು ಕಳೆದುಕೊಂಡವರು ಬರುವುದು ಬಾಯಿಮಾತು ಹಿಡಿದುಕೊಂಡು. ೧೯೭೪ರ ಭೂಸುಧಾರಣೆಯಲ್ಲಿ ಏಳನೆಯ ನಮೂನೆ ತುಂಬಿದ ಗೇಣಿದಾರರ ಮನೆಯವರು ಇಲ್ಲಿಯೂ ಇದ್ದೀರಿ. ಪಹಣಿಯಲ್ಲಿ ಹೆಸರಿದ್ದವರ ಮಾತಿಗೂ ಹೆಸರಿಲ್ಲದವರ ಮಾತಿಗೂ ಆಗ ಎಷ್ಟು ಅಂತರವಿತ್ತೆಂಬುದನ್ನು ನಿಮ್ಮ ಹಿರಿಯರು ಹೇಳಿಯಾರು.

ದಂಡದ ವಿಷಯವನ್ನು ಬೇಗ ಮುಗಿಸೋಣ. ೧೯೮೮ರ ಮೋಟಾರು ವಾಹನ ಕಾಯ್ದೆಯ ೨೦೦ನೆಯ ಕಲಮಿನಂತೆ ಕೆಲವು ತಪ್ಪುಗಳಿಗೆ ಅಧಿಕಾರಿಯ ಮುಂದೆಯೇ ಹಣ ಕಟ್ಟಿ ರಾಜಿಯಾಗಬಹುದು. ಆ ರಸೀದಿಯನ್ನು ಇಟ್ಟುಕೊಳ್ಳಿ, ವಿಷಯ ಅಲ್ಲಿಗೆ ಮುಗಿಯಿತು. ಕಟ್ಟದಿದ್ದರೆ ಮೊಕದ್ದಮೆ ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತದೆ. ೨೦೧೯ರಲ್ಲಿ ದೆಹಲಿಯಲ್ಲಿ ಆರಂಭವಾದ ವರ್ಚುವಲ್ ಕೋರ್ಟು ಎಂಬ ಏರ್ಪಾಡು ನಮ್ಮ ರಾಜ್ಯಕ್ಕೂ ಬಂದಿದೆ. ಅದರಲ್ಲಿ ಕೂತಲ್ಲಿಂದಲೇ ಹಣ ಕಟ್ಟಬಹುದು. "ತಪ್ಪು ನನ್ನದಲ್ಲ, ವಾದಿಸುತ್ತೇನೆ" ಎಂದೂ ಹೇಳಬಹುದು. ಹಾಗೆಂದರೆ ಮೊಕದ್ದಮೆ ಮಾಮೂಲು ಕೋರ್ಟಿಗೆ ಬರುತ್ತದೆ. ಕಟ್ಟುವ ಗುಂಡಿ ಎಲ್ಲರ ಕಣ್ಣಿಗೂ ಬೀಳುತ್ತದೆ, ವಾದಿಸುವ ಗುಂಡಿಯನ್ನು ಹುಡುಕಬೇಕು!

ಕ್ಯಾಮೆರಾ ಹಿಡಿದ ತಪ್ಪುಗಳ ಬಗ್ಗೆ ಕೇಂದ್ರ ಸರಕಾರ ೨೦೨೧ರ ಆಗಸ್ಟಿನಲ್ಲಿ ಒಂದು ನಿಯಮ ಹೊರಡಿಸಿತು. ತಪ್ಪು ನಡೆದ ೧೫ ದಿನಗಳೊಳಗೆ ನೋಟೀಸು ಕಳಿಸಬೇಕು, ದಂಡದ ವಿಲೇವಾರಿ ಆಗುವವರೆಗೆ ಆ ಚಿತ್ರದ ದಾಖಲೆಯನ್ನು ಕಾಪಾಡಬೇಕು ಎಂದು ಅದರಲ್ಲಿ ಹೇಳಿದೆ. ಚಿತ್ರವನ್ನು ಕೇಳಿ ನೋಡಿರಿ. ಗಾಡಿಯ ನಂಬರಿನಲ್ಲಿ ಮೂರು ಎಂಟಾಗಿ ಓದಿಸಿಕೊಂಡಿದ್ದರೆ ಚಿತ್ರ ನೋಡದೆ ತಿಳಿಯುವುದು ಹೇಗೆ? ನಮ್ಮ ರಾಜ್ಯ ಸರಕಾರ ೨೦೨೩ರ ಫೆಬ್ರವರಿಯಲ್ಲಿ ಬಾಕಿ ದಂಡದ ಅರ್ಧ ಭಾಗ ಬಿಟ್ಟುಕೊಟ್ಟಿತು. ೨೦೨೫ರ ಆಗಸ್ಟ್ ೨೩ರಿಂದ ಸೆಪ್ಟೆಂಬರ್ ೧೨ರವರೆಗೆ ಮತ್ತೊಮ್ಮೆ ಬಿಟ್ಟಿತು. ಬಡವರಿಗೆ ಅನುಕೂಲವಾಯಿತು, ನಾವು ಅಲ್ಲಗಳೆಯುವುದಿಲ್ಲ. ಆದರೆ ಅರ್ಧ ಬೆಲೆಗೆ ಸಿಕ್ಕಿತೆಂದು ಮಾಡದ ತಪ್ಪನ್ನು ಕೊಂಡುಕೊಂಡವರೂ ಆ ಸಾಲಿನಲ್ಲಿದ್ದರು. ಇನ್ನೊಂದು ವಿಷಯ. ಪೊಲೀಸರು ನಿಮ್ಮ ಲೈಸೆನ್ಸ್ ಹಿಡಿದಿಟ್ಟುಕೊಂಡರೆ ತಾತ್ಕಾಲಿಕ ರಸೀದಿ ಕೊಡಲೇಬೇಕು. ೨೦೬ನೆಯ ಕಲಮಿನಂತೆ ಆ ರಸೀದಿಯ ಮೇಲೆ ಗಾಡಿ ಓಡಿಸಬಹುದು. ರಸೀದಿಯಿಲ್ಲದೆ ಲೈಸೆನ್ಸ್ ಬಿಟ್ಟು ಬರಬೇಡಿ.

ಈಗ ಅಪಘಾತದ ವಿಷಯಕ್ಕೆ ಬರುತ್ತೇವೆ. ಇದಕ್ಕಾಗಿಯೇ ಇವತ್ತು ನಿಂತಿದ್ದೇವೆ.

ಒಂದು ಅಪಘಾತದಿಂದ ಎರಡು ಮೊಕದ್ದಮೆ ಹುಟ್ಟುತ್ತವೆ. ಚಾಲಕನ ಮೇಲೆ ಪೊಲೀಸರು ಹಾಕುವುದು ಒಂದು, ಅದು ಮ್ಯಾಜಿಸ್ಟ್ರೇಟರ ಕೋರ್ಟಿನಲ್ಲಿ. ಗಾಯಗೊಂಡವರು ಅಥವಾ ಸತ್ತವರ ಮನೆಯವರು ಪರಿಹಾರಕ್ಕಾಗಿ ಹಾಕುವುದು ಇನ್ನೊಂದು, ಅದು ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ, ಎಂ.ವಿ.ಸಿ. ಎಂದು ಕರೆಯುವುದು ಅದನ್ನೇ. ನಮ್ಮವರಿಗೆ ಎರಡನೆಯದರ ಮೇಲೆ ಮಾತ್ರ ಕಣ್ಣು. ಮೊದಲನೆಯದರಲ್ಲಿ ಏನಾಯಿತೆಂದು ವಿಚಾರಿಸುವವರೇ ಇಲ್ಲ. ಗಾಯ ಸಣ್ಣದಿದ್ದ ಮೊಕದ್ದಮೆಗಳಲ್ಲಿ ಚಾಲಕ ಒಂದು ದಿನ ಬಂದು, ತಪ್ಪಾಯಿತೆಂದು ಒಪ್ಪಿ, ದಂಡ ಕಟ್ಟಿ ಹೋಗಿರುವುದುಂಟು. ಅತ್ತ ನ್ಯಾಯಮಂಡಳಿಯಲ್ಲಿ ವಿಮಾ ಕಂಪನಿಯವರು "ನಮ್ಮ ಲಾರಿ ಅಲ್ಲಿರಲೇ ಇಲ್ಲ, ಸೈಕಲ್ಲಿನವನೇ ಅಡ್ಡ ಬಂದ" ಎಂದು ವಾದಿಸುತ್ತಿರುತ್ತಾರೆ. ಚಾಲಕ ತಪ್ಪೊಪ್ಪಿದ ಆದೇಶದ ನಕಲು ಆ ಹೊತ್ತಿನಲ್ಲಿ ಕೈಯಲ್ಲಿದ್ದರೆ ಅದೊಂದು ಸಾಕ್ಷ್ಯ. ಅದರಿಂದಲೇ ಗೆದ್ದುಬಿಡುತ್ತೇವೆ ಎನ್ನಲಾಗದು. ನ್ಯಾಯಮಂಡಳಿ ತನ್ನ ವಿಚಾರಣೆ ತಾನು ಮಾಡುತ್ತದೆ. ಆದರೆ ಎರಡು ಬೀದಿಯಾಚೆ ಬಿದ್ದಿರುವ ಸಾಕ್ಷ್ಯವನ್ನು ತರದೆ ಸೋಲುವುದು ಯಾವ ಜಾಣತನ?

ಕಡತ ಹುಡುಕಲು ಮೂರು ನಂಬರುಗಳನ್ನು ತಿಳಿದಿರಬೇಕು. ಠಾಣೆಯಲ್ಲಿ ದಾಖಲಾದಾಗ ಬೀಳುವುದು ಕ್ರೈಂ ನಂಬರು. ಅದರ ಜೊತೆಗೆ ವರ್ಷವೂ ಠಾಣೆಯ ಹೆಸರೂ ಬೇಕು. ದೋಷಾರೋಪಣಾ ಪಟ್ಟಿ ಕೋರ್ಟಿಗೆ ಹೋದ ಮೇಲೆ ಬೀಳುವುದು ಸಿ.ಸಿ. ನಂಬರು. ಮೂರನೆಯದು ಸಿ.ಎನ್.ಆರ್. ಎಂಬ ೧೬ ಅಕ್ಷರಾಂಕಗಳ ನಂಬರು, ದೇಶದಲ್ಲಿ ಒಂದು ಮೊಕದ್ದಮೆಗೆ ಒಂದೇ. ಕ್ರೈಂ ನಂಬರು ಒಂದು ಗೊತ್ತಿದ್ದರೂ ಸಾಕು. ಇ-ಕೋರ್ಟ್ಸ್ ತಾಣದಲ್ಲಿ ಜಿಲ್ಲೆ, ಕೋರ್ಟು, ಠಾಣೆ, ವರ್ಷ ಆರಿಸಿ ಹುಡುಕಿದರೆ ಉಳಿದೆರಡೂ ಸಿಗುತ್ತವೆ. ಮುಂದಿನ ವಾಯಿದೆ, ಹಿಂದಿನ ಆದೇಶ ಕೂಡ ಕಾಣುತ್ತವೆ. ಇದಕ್ಕೆ ಕಾಸು ಕೊಡಬೇಕಾಗಿಲ್ಲ. ಫೋನು ಬಾರದವರು ಹೈಸ್ಕೂಲಿಗೆ ಹೋಗುವ ಮಗಳನ್ನು ಕೂರಿಸಿಕೊಳ್ಳಿ. ಕೋರ್ಟಿನ ಕಟ್ಟೆಯ ಮೇಲಿನ ದಲ್ಲಾಳಿಗಿಂತ ಅವಳು ಚೆನ್ನಾಗಿ ಹುಡುಕುತ್ತಾಳೆ. ಹೆಸರಿನಿಂದಲೂ ಹುಡುಕಬಹುದು. ಆದರೆ ಠಾಣೆಯ ಬರಹದಲ್ಲಿ ನಮ್ಮವರ ಹೆಸರು ಯಾವ ರೂಪ ತಾಳಿರುತ್ತದೆಂದು ಹೇಳಲಾಗದು. ನಾಲ್ಕು ಬಗೆಯಲ್ಲಿ ಬರೆದು ನೋಡಿರಿ.

ನಂಬರು ಸಿಕ್ಕ ಮೇಲೆ ನಕಲು. ಪ್ರಥಮ ವರ್ತಮಾನ ವರದಿಯ ನಕಲನ್ನು ದೂರು ಕೊಟ್ಟವರಿಗೆ ಅಥವಾ ನೊಂದವರಿಗೆ ಬಿಟ್ಟಿಯಾಗಿ ಕೊಡಬೇಕು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯ ೧೭೩ನೆಯ ಕಲಮಿನಲ್ಲಿ ಹಾಗೆ ಬರೆದಿದೆ. ವರದಿಯನ್ನು ೨೪ ಗಂಟೆಯೊಳಗೆ ಪೊಲೀಸರ ತಾಣದಲ್ಲಿ ಹಾಕಬೇಕೆಂದು ಸುಪ್ರೀಂ ಕೋರ್ಟು ೨೦೧೬ರಲ್ಲೇ ಹೇಳಿದೆ. ಸೂಕ್ಷ್ಮ ಮೊಕದ್ದಮೆಗಳಿಗೆ ಮಾತ್ರ ವಿನಾಯಿತಿ. ಡಿಕ್ಕಿ ಹೊಡೆದ ಗಾಡಿಯ ವಿವರವನ್ನೂ ಅದನ್ನು ಓಡಿಸುತ್ತಿದ್ದವನ ಹೆಸರು ವಿಳಾಸವನ್ನೂ ಪರಿಹಾರ ಕೇಳುವವರಿಗೆ ಠಾಣಾಧಿಕಾರಿ ಕೊಡಬೇಕೆಂದು ಮೋಟಾರು ಕಾಯ್ದೆಯ ೧೬೦ನೆಯ ಕಲಮು ಹೇಳುತ್ತದೆ. ಈ ಕಲಮಿನ ನಂಬರನ್ನು ಅರ್ಜಿಯಲ್ಲಿ ಬರೆಯಿರಿ, ಅರ್ಜಿಯ ತೂಕ ಹೆಚ್ಚುತ್ತದೆ.

ಕೋರ್ಟಿನೊಳಗೆ ಹೋದ ಕಾಗದಕ್ಕೆ ನಕಲು ಶಾಖೆಯಲ್ಲಿ ಅರ್ಜಿ ಹಾಕಬೇಕು. ಅದನ್ನು ಕನ್ನಡದಲ್ಲಿಯೇ ಬರೆಯಬಹುದು. ಕೋರ್ಟಿನ ಹೆಸರು, ಸಿ.ಸಿ. ನಂಬರು, ಮೊಕದ್ದಮೆ ನಡೆಯುತ್ತಿದೆಯೋ ಮುಗಿದಿದೆಯೋ, ಮುಗಿದಿದ್ದರೆ ತಾರೀಖು, ಅರ್ಜಿ ಹಾಕುವ ನೀವು ಯಾರು, ಇಷ್ಟು ಬರೆದು ಕೋರ್ಟ್ ಫೀ ಹಚ್ಚಬೇಕು. "ಎಲ್ಲ ಕಾಗದ ಕೊಡಿ" ಎಂದು ಬರೆದರೆ ಅರ್ಜಿ ವಾಪಸು ಬರುತ್ತದೆ. ಒಂದೊಂದನ್ನೂ ಹೆಸರು ಹಿಡಿದು ಕೇಳಬೇಕು: ದೋಷಾರೋಪಣಾ ಪಟ್ಟಿ, ಸ್ಥಳ ಮಹಜರು, ಸ್ಥಳದ ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ ಅಥವಾ ಮರಣೋತ್ತರ ಪರೀಕ್ಷೆಯ ವರದಿ, ಕೊನೆಯ ಆದೇಶ. ಮಹಜರು ಮತ್ತು ನಕ್ಷೆಯನ್ನು ಎಷ್ಟು ಗಮನವಿಟ್ಟು ಓದಿದರೂ ಕಡಿಮೆಯೇ. ಲಾರಿ ರಸ್ತೆಯ ಯಾವ ಮಗ್ಗುಲಿನಲ್ಲಿತ್ತು, ಬ್ರೇಕಿನ ಗುರುತು ಎಷ್ಟು ಉದ್ದ, ಸೈಕಲ್ಲು ಎಲ್ಲಿ ಬಿದ್ದಿತ್ತು ಎಂಬುದೆಲ್ಲ ಬರೆದಿರುವುದು ಅಲ್ಲಿಯೇ. ತಪ್ಪು ಬರೆದಿದ್ದರೆ ತಿಳಿಯುವುದೂ ಅಲ್ಲಿಯೇ.

ತೀರ್ಪಿನಿಂದ ಬಾಧಿತರಾದವರು ಅರ್ಜಿ ಹಾಕಿ ಶುಲ್ಕ ಕೊಟ್ಟರೆ ಅದರ ನಕಲೂ ಸಾಕ್ಷಿಗಳ ಹೇಳಿಕೆಯ ನಕಲೂ ದೊರೆಯಬೇಕು. ಸಂಹಿತೆಯ ೪೦೪ನೆಯ ಕಲಮು ನೋಡಿ. ಮೊಕದ್ದಮೆಗೆ ಸಂಬಂಧವಿಲ್ಲದವರು ಕೇಳುವುದಾದರೆ ಕಾರಣ ಹೇಳಿ ಕೋರ್ಟಿನ ಅಪ್ಪಣೆ ಪಡೆಯಬೇಕು. ಸಂಘದ ಕಾರ್ಯದರ್ಶಿಗಳು ಇದನ್ನು ಗಮನಿಸಿ: ಅರ್ಜಿಯ ಮೇಲೆ ನಿಮ್ಮ ಸಹಿ ಬೇಡ, ಗಾಯಗೊಂಡವರ ಸಹಿ ಹಾಕಿಸಿ. ಅರ್ಜಿ ಕೊಟ್ಟ ಮೇಲೆ ಶಾಖೆಯ ನೋಟೀಸು ಹಲಗೆ ನೋಡುತ್ತಿರಬೇಕು. ನಕಲಿಗೆ ಇಷ್ಟು ಹಣ ತುಂಬಿ ಎಂದು ಅಲ್ಲಿ ಹಾಕಿರುತ್ತಾರೆ. ದಿನ ಮೀರಿದರೆ ಅರ್ಜಿ ವಜಾ.

ಮಾಹಿತಿ ಹಕ್ಕಿನ ಅರ್ಜಿ ಸಾಲದೇ ಎಂದು ಅನೇಕರು ಕೇಳುತ್ತಾರೆ. ಕೋರ್ಟಿನ ಕಡತಕ್ಕೆ ಅದು ನಡೆಯುವುದಿಲ್ಲ. ಕೋರ್ಟಿನ ನಿಯಮದಂತೆಯೇ ನಕಲು ಪಡೆಯಬೇಕೆಂದು ಸುಪ್ರೀಂ ಕೋರ್ಟು ೨೦೨೦ರ ಮಾರ್ಚ್ ೪ರಂದು ತೀರ್ಪು ಕೊಟ್ಟಿದೆ. ಸಾಮಾನ್ಯನಿಗೆ ಇದು ಅನುಕೂಲವಾಯಿತೆಂದು ನಮಗೆ ಅನ್ನಿಸಿಲ್ಲ. ಆದರೂ ಇರುವ ಕಾನೂನು ಅದು. ಠಾಣೆಗೂ ಆರ್.ಟಿ.ಓ. ಕಚೇರಿಗೂ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಹತ್ತು ರೂಪಾಯಿ ಶುಲ್ಕ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ೧೫೦ ಪದಗಳೊಳಗೆ ಒಂದೇ ವಿಷಯ ಕೇಳಬೇಕು.

ತಡಮಾಡಬೇಡಿ ಎಂದು ಹೇಳಲು ಕಾರಣವಿದೆ. ಪರಿಹಾರದ ಅರ್ಜಿಯನ್ನು ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕೆಂಬ ಗಡುವು ೨೦೨೨ರ ಏಪ್ರಿಲ್ ೧ರಿಂದ ಕಾಯ್ದೆಗೆ ಸೇರಿತು. ಅದರ ಸಿಂಧುತ್ವದ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ಕೋರ್ಟು ಏನೇ ಹೇಳಲಿ, ಆರು ತಿಂಗಳೆಂದೇ ತಿಳಿದು ಓಡಾಡಿರಿ. ಸಣ್ಣ ದಂಡದ ಕಡತಗಳನ್ನು ಕೋರ್ಟು ಕೂಡ ಕೊನೆಯವರೆಗೆ ಇಟ್ಟುಕೊಳ್ಳುವುದಿಲ್ಲ. ಅವಧಿ ತೀರಿದ ಮೇಲೆ ದಾಖಲೆ ಕೋಣೆಯಿಂದ ತೆಗೆದು ನಾಶ ಮಾಡುತ್ತಾರೆ. ಗುದ್ದಿದ ಗಾಡಿ ಯಾವುದೆಂದೇ ತಿಳಿಯದಿದ್ದರೂ ಕೈಚೆಲ್ಲಬೇಡಿ. ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿ ಕೊಡುವ ಯೋಜನೆಯಿದೆ. ಅದಕ್ಕೂ ಠಾಣೆಯ ವರದಿಯೇ ಆಧಾರ.

ಇಷ್ಟಕ್ಕೆಲ್ಲ ವಕೀಲರಿಗೆ ಕೊಡಲು ಹಣವೆಲ್ಲಿ ಎನ್ನುವಿರಿ. ೧೯೮೭ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ೧೨ನೆಯ ಕಲಮನ್ನು ಯಾರಿಂದಲಾದರೂ ಓದಿಸಿ ಕೇಳಿರಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಎಂದು ಹೇಳುತ್ತಾ ಹೋಗಿ "ಕೈಗಾರಿಕಾ ಕಾರ್ಮಿಕ" ಎಂದೂ ಅದರಲ್ಲಿ ಬರೆದಿದೆ. ಇವರಿಗೆ ವಕೀಲರ ನೆರವು ಬಿಟ್ಟಿ. ಜಿಲ್ಲಾ ಕೋರ್ಟಿನ ಆವರಣದಲ್ಲೇ ಪ್ರಾಧಿಕಾರದ ಕಚೇರಿಯಿರುತ್ತದೆ. ಫೋನು ಮಾಡುವುದಾದರೆ ೧೫೧೦೦. ಗಿರಣಿಯವರು ಹೋಗುವಾಗ ಹಾಜರಿ ಚೀಟಿಯನ್ನೋ ಇ.ಎಸ್.ಐ. ಕಾರ್ಡನ್ನೋ ಒಯ್ಯಿರಿ.

ಕಿಟಕಿಯ ಆಚೆ ಕೂತವರು "ನಾಳೆ ಬನ್ನಿ" ಎನ್ನುವುದು ನಮಗೆ ಹೊಸದಲ್ಲ. ಒಂದು ಕಚೇರಿಯಲ್ಲಿ ನಮಗೇ ಹಾಗೆ ನಾಲ್ಕು ಸಲ ಹೇಳಿದ್ದಾರೆ. ಐದನೆಯ ಸಲ ಅರ್ಜಿಯ ಎರಡು ಪ್ರತಿ ಒಯ್ದು, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಮೊಹರು ಮತ್ತು ತಾರೀಖು ಹಾಕಿಸಿಕೊಂಡೆವು. ಆಮೇಲೆ ಕೆಲಸ ನಡೆಯಿತು. ಅರ್ಜಿ ತೆಗೆದುಕೊಳ್ಳುವುದಿಲ್ಲವೆಂದರೆ ಜಗಳಕ್ಕೆ ನಿಲ್ಲಬೇಡಿ. "ಏಕೆ ಆಗುವುದಿಲ್ಲವೆಂದು ಹಿಂಬರಹ ಬರೆದುಕೊಡಿ ಸ್ವಾಮಿ" ಎಂದು ಕೇಳಿ ಅಲ್ಲಿಯೇ ನಿಂತಿರಿ. ಭಾನುವಾರ ಬೆಳಿಗ್ಗೆ ಹತ್ತರಿಂದ ನಾವು ಕಚೇರಿಯಲ್ಲಿ ಅರ್ಜಿ ಬರೆದುಕೊಡಲು ಕೂತಿರುತ್ತೇವೆ. ಬರುವವರು ಠಾಣೆಯ ಹೆಸರು, ಅಪಘಾತದ ತಾರೀಖು, ಕ್ರೈಂ ನಂಬರು ಗೊತ್ತಿದ್ದರೆ ಅದನ್ನೂ ಒಂದು ಚೀಟಿಯಲ್ಲಿ ಬರೆದು ತನ್ನಿ.