ಒಂದು ಜೊತೆ ಶೂ, ಒಂದು ವರ್ಷ



ಇವತ್ತು ನಾವು ಮಕ್ಕಳ ಶೂ ಬಗ್ಗೆ ಮಾತಾಡೋಣ. "ಇದೇನಪ್ಪಾ, ಶೂಗೂ ಒಂದು ಭಾಷಣವೇ?" ಅಂತ ನಗಬೇಡಿ. ವಿಷಯ ಚಿಕ್ಕದು, ನಿಜ. ಆದರೆ ಇದರಲ್ಲಿ ನಮ್ಮ ಮಕ್ಕಳ ರಕ್ತದ ಮಾತಿದೆ. ಹೇಗೆ ಅಂತ ಹೇಳ್ತೀವಿ, ಕೇಳಿ.

ಬರಿಗಾಲು ಮತ್ತು ಕೊಕ್ಕೆಹುಳು

ಕೊಕ್ಕೆಹುಳು ಅಂತ ಒಂದು ಹುಳು ಇದೆ. ಈ ಹುಳು ಇರುವವರು ಬಯಲಿಗೆ ಹೋದರೆ ಮಲದ ಜೊತೆ ಅದರ ಮೊಟ್ಟೆ ಮಣ್ಣಿಗೆ ಬೀಳುತ್ತೆ. ಒದ್ದೆ ಮಣ್ಣಿನಲ್ಲಿ ಮೊಟ್ಟೆ ಒಡೆದು ಮರಿ ಆಗುತ್ತೆ. ಆ ಮರಿ ನಮ್ಮ ಕಣ್ಣಿಗೆ ಕಾಣೋದಿಲ್ಲ. ಮಗು ಬರಿಗಾಲಲ್ಲಿ ಅಲ್ಲಿ ಓಡಾಡಿದರೆ ಸಾಕು. ಮರಿ ಪಾದದ ಚರ್ಮವನ್ನೇ ತೂರಿ ಒಳಗೆ ಹೋಗುತ್ತೆ. ಕೊನೆಗೆ ಕರುಳು ಸೇರಿ ರಕ್ತ ಹೀರುತ್ತೆ. ಮಗು ಬಿಳಚಿಕೊಳ್ಳುತ್ತೆ. ಸುಸ್ತಾಗುತ್ತೆ. ಓದಿದ್ದು ತಲೆಗೆ ಹತ್ತೋದಿಲ್ಲ.

ಇದಕ್ಕೆ ಔಷಧಿ ಇದೆ. 2015ರಿಂದ ಜಂತುಹುಳು ನಿವಾರಣಾ ದಿನ ಅಂತ ಶಾಲೆ, ಅಂಗನವಾಡಿಗಳಲ್ಲಿ ಮಾತ್ರೆ ಕೊಡ್ತಾರೆ. ತಪ್ಪದೆ ಕೊಡಿಸಿ. ಆದರೆ ಮಾತ್ರೆ ನುಂಗಿದ ಮಗು ಮತ್ತೆ ಬರಿಗಾಲಲ್ಲಿ ಓಡಾಡಿದರೆ? ಹುಳು ಮತ್ತೆ ಬರುತ್ತೆ. ಅದಕ್ಕೇ ಶೌಚಾಲಯ ಬೇಕು, ಕಾಲಿಗೆ ಶೂ ಬೇಕು. ಶೂ ಅಂದರೆ ಬರೀ ಶೋಕಿ ಅಲ್ಲ.

ಶೂ ಬಂತು, ಉಳಿಯಿತೇ?

ಕರ್ನಾಟಕದಲ್ಲಿ 2015-16ರಲ್ಲಿ ಒಂದು ಯೋಜನೆ ಶುರುವಾಯಿತು. ಸರ್ಕಾರಿ ಶಾಲೆಯ ಮಕ್ಕಳಿಗೆ ವರ್ಷಕ್ಕೆ ಒಂದು ಜೊತೆ ಕಪ್ಪು ಶೂ, ಎರಡು ಜೊತೆ ಸಾಕ್ಸ್ ಕೊಡುವ ಯೋಜನೆ. ಒಳ್ಳೆಯದೇ ಆಯಿತು. ಆದರೆ ಗಮನಿಸಿ, ಶೂ ವರ್ಷಕ್ಕೆ ಒಂದೇ ಜೊತೆ.

ನಮ್ಮ ಮನೆಗಳಲ್ಲಿ ಏನಾಯಿತು? ಮಳೆಗಾಲದಲ್ಲಿ ಶೂ ಕೆಸರಾಯಿತು. ನಾವು ಅದನ್ನು ಬಕೆಟ್ಟಿಗೆ ಹಾಕಿ, ಸೋಪಿನ ಪುಡಿ ಸುರಿದು, ರಾತ್ರಿಯೆಲ್ಲ ನೆನೆಸಿದೆವು. ಬೆಳಿಗ್ಗೆ ಬಂಡೆ ಮೇಲೆ ಕುಕ್ಕಿದೆವು. ಬೇಗ ಒಣಗಲಿ ಅಂತ ಒಲೆ ಪಕ್ಕ ಇಟ್ಟೆವು. ಅಂಟು ಬಿಟ್ಟಿತು. ತಳ ಬಾಯಿ ತೆರೆಯಿತು. ದೀಪಾವಳಿ ಹೊತ್ತಿಗೆ ಮಗು ಮತ್ತೆ ಬರಿಗಾಲು! ತಪ್ಪು ಶೂದಲ್ಲ, ನಮ್ಮದು. ತೊಳೆಯೋದು ನಮಗೆ ಗೊತ್ತಿರಲಿಲ್ಲ. ಈಗ ಕಲಿತಿದ್ದೇವೆ. ಕಲಿತದ್ದನ್ನು ನಿಮಗೂ ಹೇಳ್ತೀವಿ.

ತೊಳೆಯುವ ಬಗೆ

ಮೊದಲು ಶೂ ಯಾವುದರದ್ದು ಅಂತ ನೋಡಿ. ಶಾಲೆಯ ಕಪ್ಪು ಶೂ ಸಾಮಾನ್ಯವಾಗಿ ರೆಕ್ಸಿನ್‌ದು. ಇದನ್ನು ನೀರಲ್ಲಿ ಮುಳುಗಿಸಲೇಬಾರದು. ಕೆಸರು ಒಣಗಲು ಬಿಡಿ. ಹಸಿ ಕೆಸರು ಒರೆಸಿದರೆ ಹರಡುತ್ತೆ. ಒಣಗಿದ ಮೇಲೆ ಎರಡು ಶೂ ಒಂದಕ್ಕೊಂದು ತಟ್ಟಿ. ಅರ್ಧ ಕೆಸರು ಅಲ್ಲೇ ಉದುರುತ್ತೆ. ಉಳಿದದ್ದನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಆಮೇಲೆ ಒದ್ದೆ ಬಟ್ಟೆಯಿಂದ ಒರೆಸಿ. ಕಡೆಗೆ ಒಣ ಬಟ್ಟೆಯಿಂದ ಒರೆಸಿ. ಇಷ್ಟೇ.

ಜಿಡ್ಡು ಇದ್ದರೆ ಅಂಟುವಾಳ ಇದೆಯಲ್ಲ! ನಮ್ಮ ಅಜ್ಜಿಯರು ಬಟ್ಟೆ ಒಗೆಯುತ್ತಿದ್ದ ಕಾಯಿ. ಐದಾರು ಕಾಯಿಯ ಬೀಜ ತೆಗೆದು, ಸಿಪ್ಪೆಯನ್ನು ಒಂದು ಚೊಂಬು ಬಿಸಿನೀರಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಕಿವುಚಿ ಸೋಸಿ. ನೊರೆ ಬರುತ್ತೆ. ಬಟ್ಟೆಯನ್ನು ಆ ನೊರೆಯಲ್ಲಿ ಅದ್ದಿ, ಹಿಂಡಿ, ಶೂ ಒರೆಸಿ. ಕಣ್ಣಿಗೆ ಮಾತ್ರ ತಾಗದ ಹಾಗೆ ನೋಡಿಕೊಳ್ಳಿ. ಬಹಳ ಉರಿಯುತ್ತೆ.

ಬಟ್ಟೆ ಶೂ ಆದರೆ ತೊಳೆಯಬಹುದು. ಲೇಸು ಬಿಚ್ಚಿ ಬೇರೆ ತೊಳೆಯಿರಿ. ಅಂಟುವಾಳದ ನೀರಿನಲ್ಲಿ ಮೆಲ್ಲಗೆ ಉಜ್ಜಿ. ಒಂದು ಬಕೆಟ್ ನೀರು ಬೇಡ, ಎರಡು ಚೊಂಬು ಸಾಕು.

ರಬ್ಬರ್ ಚಪ್ಪಲಿಗೆ ಒಲೆಯ ಬೂದಿ, ತೆಂಗಿನ ನಾರು ಸಾಕು. ಚರ್ಮದ ಶೂಗೆ ಬೂದಿ ಹಚ್ಚಬೇಡಿ. ಚರ್ಮ ಹಾಳಾಗುತ್ತೆ. ಅದನ್ನು ಒರೆಸಿ, ಎರಡು ಹನಿ ಹರಳೆಣ್ಣೆ ಬಟ್ಟೆಗೆ ಹಾಕಿ ತಿಕ್ಕಿ. ಚರ್ಮ ಬಿರಿಯೋದಿಲ್ಲ, ಹೊಳಪೂ ಬರುತ್ತೆ.

ಒಣಗಿಸುವ ಬಗೆ

ಸುಡುಬಿಸಿಲು ಬೇಡ, ಒಲೆಯ ಪಕ್ಕ ಬೇಡ. ನೆರಳು ಇರಲಿ, ಗಾಳಿ ಇರಲಿ. ಒಳಗೆ ಹಳೇ ಪೇಪರ್ ಉಂಡೆ ಮಾಡಿ ತುರುಕಿ. ಪೇಪರ್ ನೀರು ಹೀರುತ್ತೆ, ಶೂ ಆಕಾರವೂ ಕೆಡೋದಿಲ್ಲ. ಮಳೆಗಾಲದಲ್ಲಿ ಪೇಪರ್ ಒದ್ದೆಯಾದ ಹಾಗೆ ಬದಲಾಯಿಸಿ.

ಸಾಕ್ಸ್ ಮಾತ್ರ ದಿನಾ ತೊಳೆದು ಬಿಸಿಲಿಗೆ ಹಾಕಿ. ಒದ್ದೆ ಸಾಕ್ಸ್ ಹಾಕಿದರೆ ಬೆರಳ ಸಂದಿ ಕೊಳೆತು ತುರಿಕೆ ಬರುತ್ತೆ. ಶೂ ವಾಸನೆ ಬರುತ್ತಿದೆಯೇ? ಒಂದು ಚಮಚ ಅಡುಗೆ ಸೋಡಾ ಬಟ್ಟೆಯಲ್ಲಿ ಗಂಟು ಕಟ್ಟಿ ರಾತ್ರಿ ಒಳಗಿಡಿ. ವಾಸನೆ ಅಂತ ಪಕ್ಕದ ಮಕ್ಕಳು ಮೂಗು ಮುಚ್ಚಿಕೊಂಡರೆ ನಮ್ಮ ಮಗುವಿಗೆ ಎಷ್ಟು ಅವಮಾನ! ಶಾಲೆಗೇ ಹೋಗಲ್ಲ ಅನ್ನುತ್ತೆ.

ಇನ್ನೊಂದು ಮಾತು. ಬೆಳಿಗ್ಗೆ ಶೂ ಹಾಕುವ ಮೊದಲು ಬೋರಲು ಹಾಕಿ ತಟ್ಟಿ. ಚೇಳು, ಹಾವಿನ ಮರಿ ಒಳಗೆ ಸೇರಿಕೊಂಡಿರಬಹುದು. ಈ ಅಭ್ಯಾಸ ಮಗುವಿಗೆ ಮೊದಲ ದಿನವೇ ಕಲಿಸಿ.

ತೊಳೆದ ನೀರು, ಹಳೆಯ ಶೂ

ಸೋಪಿನ ಪುಡಿಯ ನೀರು ಎಲ್ಲಿಗೆ ಹೋಗುತ್ತೆ? ಚರಂಡಿಗೆ. ಅಲ್ಲಿಂದ ಕೆರೆಗೆ. 2015ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ಎದ್ದು ರಸ್ತೆಗೆ ಹಾರಿತ್ತು. ಊರಿನ ಕೊಳಚೆ, ಸೋಪಿನ ನೀರು ಎಲ್ಲ ಸೇರಿ ಹಾಗಾಯಿತು. ನಮ್ಮೂರ ಕೆರೆಗೆ ಆ ಗತಿ ಬೇಡ. ಅಂಟುವಾಳದ ನೀರು ಬಾಳೆಯ ಬುಡಕ್ಕೆ ಹಾಕಬಹುದು. ಆದರೆ ಅದನ್ನೂ ಕೆರೆಗೆ, ಬಾವಿಗೆ ಸುರಿಯಬೇಡಿ. ಅದರ ನೊರೆ ಮೀನಿಗೆ ಆಗದು.

ತಳ ಬಿಟ್ಟರೆ ಎಸೆಯಬೇಡಿ. ಸಂತೆಯಲ್ಲಿ ಚಪ್ಪಲಿ ಹೊಲಿಯುವವರು ಕೂತಿರ್ತಾರೆ. ನಾಲ್ಕು ಹೊಲಿಗೆ ಹಾಕಿಸಿದರೆ ಇನ್ನಾರು ತಿಂಗಳು ಬರುತ್ತೆ. ಅವರ ಕೆಲಸಕ್ಕೆ ಗೌರವ ಕೊಡಿ, ಕೂಲಿಯಲ್ಲಿ ಚೌಕಾಸಿ ಬೇಡ. ಶೂ ಚಿಕ್ಕದಾದರೆ ತಮ್ಮನಿಗೋ ತಂಗಿಗೋ ಕೊಡಿ. ಆದರೆ ಬೆರಳ ಮುಂದೆ ಒಂದು ಹೆಬ್ಬೆಟ್ಟಿನಷ್ಟು ಜಾಗ ಇರಬೇಕು. ಬಿಗಿ ಶೂ ಹಾಕಿಸಬೇಡಿ.

ಪೂರ್ತಿ ಹರಿದ ಶೂ ಬೆಂಕಿಗೆ ಹಾಕಬೇಡಿ. ನೀರೊಲೆಗೂ ಬೇಡ. ರೆಕ್ಸಿನ್ ಸುಟ್ಟ ಹೊಗೆ ವಿಷ. ಅದನ್ನು ಕುಡಿಯೋದು ಒಲೆ ಮುಂದೆ ಕೂತ ತಾಯಿ, ಮಡಿಲಲ್ಲಿರುವ ಕೂಸು. ಒಣಕಸ ಅಂತ ಬೇರೆ ಇಟ್ಟು ಪಂಚಾಯಿತಿಯ ಕಸದ ಗಾಡಿಗೆ ಕೊಡಿ.

ಯಾರು ಮಾಡಬೇಕು?

ಇದು ತಾಯಿಯ ಕೆಲಸ ಮಾತ್ರ ಅಲ್ಲ. ಭಾನುವಾರ ಹತ್ತು ನಿಮಿಷ ಅಪ್ಪನೂ ಮಕ್ಕಳ ಜೊತೆ ಜಗುಲಿ ಮೇಲೆ ಕೂರಲಿ. ಗಂಡು ಮಗುವೂ ಒರೆಸಲಿ, ಹೆಣ್ಣು ಮಗುವೂ ಒರೆಸಲಿ. ತನ್ನ ಶೂ ತಾನೇ ನೋಡಿಕೊಂಡ ಮಗು ಅದನ್ನು ಕೆಸರಿಗೆ ಹಾಕುವ ಮೊದಲು ಯೋಚನೆ ಮಾಡುತ್ತೆ.

ಕಡೆಯ ಒಂದು ಮಾತು. ಶಾಲೆಯ ಬಾಗಿಲಲ್ಲಿ ನೋಡಿದ್ದೀರಲ್ಲ? ಎಲ್ಲ ಶೂ ಕಪ್ಪು, ಎಲ್ಲ ಒಂದೇ ಥರ. ಅದಲು ಬದಲಾಗುತ್ತೆ. ಒಂದು ಕಾಲಿಗೆ ಬಿಗಿ, ಒಂದು ಕಾಲಿಗೆ ಸಡಿಲ. ಜಗಳ, ಅಳು. ಮೊದಲಾದರೆ ನಾವು ಕೈಕಟ್ಟಿ ನಿಲ್ಲುತ್ತಿದ್ದೆವು. ಈಗ ನಮಗೆ ಅಕ್ಷರ ಬರುತ್ತೆ. ಇವತ್ತು ಮನೆಗೆ ಹೋಗಿ. ಒಂದು ಚೂರು ಬಿಳಿ ಬಟ್ಟೆ ತೆಗೆದುಕೊಳ್ಳಿ. ಅದರ ಮೇಲೆ ಪೆನ್ನಿನಿಂದ ನಿಮ್ಮ ಮಗುವಿನ ಹೆಸರು ಬರೆಯಿರಿ. ದಪ್ಪ ಅಕ್ಷರ, ನಿಧಾನವಾಗಿ. ಶೂ ನಾಲಿಗೆಯ ಒಳಗೆ ಹೊಲಿಯಿರಿ. ಎರಡೂ ಶೂಗೆ.

ನಾಳೆ ಬೆಳಿಗ್ಗೆ ಮಗು ಶೂ ತಟ್ಟಿ, ಹಾಕಿಕೊಳ್ಳುವ ಮೊದಲು, ತನ್ನ ಹೆಸರು ಓದುತ್ತೆ. "ಇದು ಯಾರು ಬರೆದಿದ್ದು?" ಅಂತ ಕೇಳುತ್ತೆ.

"ನಾನೇ ಬರೆದಿದ್ದು" ಅಂತ ಹೇಳಿ.