ಗುಣವಾಗದ ಕಾಯಿಲೆಗೂ ಆರೈಕೆ ಉಂಟು
(ವಯನಾಡಿನ ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ನಾವು ಹೇಳಿಕೊಳ್ಳಲು ನಾಚುವ ಕಾಯಿಲೆಯೊಂದರ ವಿಷಯ ಇಂದು ಮಾತಾಡುತ್ತೇನೆ. ಅದು ಗುದನಾಳದ ಕ್ಯಾನ್ಸರ್. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದುಕೊಂಡು ಸುಮ್ಮನಿರುತ್ತೇವೆ. ರಜೆ ಹಾಕಿದರೆ ಕೂಲಿ ಹೋಗುತ್ತದೆಂಬ ಭಯ ಬೇರೆ. ಬೇಗ ತೋರಿಸಿದರೆ ಗುಣವಾಗುವ ಸಂಭವ ಹೆಚ್ಚು. ತಡವಾದರೆ, ಅಥವಾ ರೋಗಿಯ ಹೃದಯ, ಶ್ವಾಸಕೋಶ ತೀರ ದುರ್ಬಲವಾಗಿದ್ದರೆ, ಆಪರೇಷನ್ ಸಾಧ್ಯವಿಲ್ಲ ಎಂದು ಡಾಕ್ಟರು ಹೇಳಬಹುದು. ಆಗ ಮನೆಯವರು, ‘ಇನ್ನು ಮಾಡುವುದೇನೂ ಇಲ್ಲ’ ಎಂದು ರೋಗಿಯನ್ನು ಮೂಲೆಯಲ್ಲಿ ಮಲಗಿಸುತ್ತಾರೆ. ಇದು ತಪ್ಪು.

ಗುಣಪಡಿಸಲಾಗದಿದ್ದರೂ ಕಷ್ಟ ಇಳಿಸಬಹುದು. ಅದಕ್ಕಿರುವ ದಾರಿಗಳಲ್ಲಿ ಒಂದು, ಗೆಡ್ಡೆಯನ್ನು ಹೆಪ್ಪುಗಟ್ಟಿಸುವ ಚಿಕಿತ್ಸೆ. 1850ರ ಸುಮಾರಿಗೆ ಇಂಗ್ಲೆಂಡಿನ ಜೇಮ್ಸ್ ಆರ್ನಾಟ್ ಎಂಬ ವೈದ್ಯರು ಐಸಿಗೆ ಉಪ್ಪು ಬೆರೆಸಿ, ಹೊರಗೆ ಕಾಣುವ ಕ್ಯಾನ್ಸರ್ ಹುಣ್ಣುಗಳನ್ನು ತಣಿಸಿ ನೋವು ಕಡಿಮೆ ಮಾಡಿದರು. 1960ರ ದಶಕದಲ್ಲಿ ಅಮೆರಿಕದ ಡಾಕ್ಟರ್ ಇರ್ವಿಂಗ್ ಕೂಪರ್ ದ್ರವ ಸಾರಜನಕದ ಸಲಕರಣೆಯನ್ನು ಬಳಕೆಗೆ ತಂದರು. ಆ ದ್ರವ ಸೊನ್ನೆಗಿಂತ 196 ಡಿಗ್ರಿ ಕೆಳಗೆ ತಣ್ಣಗಿರುತ್ತದೆ. ಮುಂದೆ ಈ ವಿಧಾನವನ್ನು ಗುದನಾಳದ ಗೆಡ್ಡೆಗೂ ಬಳಸಿದರು.

ಹೊಟ್ಟೆ ಕೊಯ್ಯುವುದಿಲ್ಲ. ಮಲದ್ವಾರದ ಮೂಲಕ ಸಲಕರಣೆಯ ತುದಿಯನ್ನು ಗೆಡ್ಡೆಗೆ ತಾಗಿಸುತ್ತಾರೆ. ಗೆಡ್ಡೆ ಮಂಜುಗಟ್ಟಿ, ಕರಗುವಾಗ ಅದರ ಜೀವಕಣಗಳು ಸಾಯುತ್ತವೆ. ಸಣ್ಣ ರಕ್ತನಾಳಗಳು ಮುಚ್ಚಿಹೋಗುತ್ತವೆ. ಸತ್ತ ಭಾಗ ಕೆಲವು ದಿನಗಳಲ್ಲಿ ಕಳಚಿ ಬೀಳುತ್ತದೆ. ರಕ್ತ, ಲೋಳೆ ಹೋಗುವುದು ಕಡಿಮೆಯಾಗಿ, ಮಲಕ್ಕೆ ದಾರಿಯಾಗುತ್ತದೆ. ಕೆಲವರಿಗೆ ಹೊಟ್ಟೆಯ ಮೇಲೆ ಮಲದ ಚೀಲ ಕಟ್ಟುವುದು ತಪ್ಪಬಹುದು.

ಆದರೆ ಇದು ರೋಗವನ್ನು ಬೇರುಸಹಿತ ಕೀಳುವುದಿಲ್ಲ. ಮತ್ತೆ ಮತ್ತೆ ಮಾಡಬೇಕಾಗಬಹುದು. ಕೆಲವು ದಿನ ದುರ್ವಾಸನೆಯ ಸ್ರಾವ ಇರುತ್ತದೆ. ಜ್ವರ, ರಕ್ತಸ್ರಾವ, ಕರುಳು ತೂತಾಗುವ ಅಪಾಯವೂ ಉಂಟು. ಇಂದು ಇದು ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ. ವಿಕಿರಣ ಚಿಕಿತ್ಸೆ, ದಾರಿ ತೆರೆದಿಡುವ ಸ್ಟೆಂಟ್, ಮಲದ ಚೀಲ ಇವೇ ಹೆಚ್ಚು ಬಳಕೆಯಲ್ಲಿವೆ. ನೋವಿಗೆ ಮಾರ್ಫಿನ್ ಮಾತ್ರೆ ಇದೆ. ಡಾಕ್ಟರ ಲೆಕ್ಕದಂತೆ ಕೊಟ್ಟರೆ ಅದಕ್ಕೆ ಹೆದರಬೇಕಾಗಿಲ್ಲ.

ಆದ್ದರಿಂದ, ‘ಆಪರೇಷನ್ ಆಗದು’ ಎಂದಾಗ ಎದ್ದು ಬರಬೇಡಿ. ‘ನೋವಿಗೆ ಏನು? ರಕ್ತಕ್ಕೆ ಏನು? ಮಲ ಕಟ್ಟಿದರೆ ಏನು?’ ಎಂದು ಮೂರು ಮಾತು ಕೇಳಿ. ನಮ್ಮ ಕೇರಳದಲ್ಲಿ 2008ರಿಂದ ಪಾಲಿಯೇಟಿವ್ ಆರೈಕೆಗೆ ಸರ್ಕಾರದ ನೀತಿಯೇ ಇದೆ. ಪಂಚಾಯಿತಿಯ ಮೂಲಕ ನರ್ಸು ಮನೆಗೇ ಬರುತ್ತಾರೆ. ಬರವಣಿಗೆ ಬಾರದವರಿಗೆ ಅರ್ಜಿ ಬರೆದುಕೊಡಲು, ಆಸ್ಪತ್ರೆಗೆ ಜೊತೆಗೆ ಬರಲು ನಾವಿದ್ದೇವೆ.

ನರಳುವವರ ಹಾಸಿಗೆಯ ಪಕ್ಕ ಕೂರಲು ನಾಚಬೇಡಿ. ಅವರು ಇನ್ನೂ ನಮ್ಮವರೇ.