ಪರದೆಯ ಮೇಲಿನ ನಡುಕ



ಸಿನಿಮಾದಲ್ಲಿ ವೇಗವಾಗಿ ಓಡುವ ಗಾಡಿಯ ಚಕ್ರ ಹಿಂದಕ್ಕೆ ತಿರುಗುವಂತೆ ಕಾಣುವುದನ್ನು ನೀವು ಗಮನಿಸಿರಬಹುದು. ಕ್ಯಾಮೆರಾ ಚಲನೆಯನ್ನು ಹಿಡಿಯುವುದಿಲ್ಲ, ಬಿಡಿಬಿಡಿ ಸ್ಥಿರಚಿತ್ರಗಳನ್ನಷ್ಟೇ ಹಿಡಿಯುತ್ತದೆ. ನಮ್ಮ ದೇಶದ ಟಿ.ವಿ.ಯಲ್ಲಿ ಸೆಕೆಂಡಿಗೆ 25 ಚಿತ್ರ. ಅವುಗಳ ಜೋಡಣೆ ನಮ್ಮ ಕಣ್ಣು, ಮಿದುಳಿನ ಕೆಲಸ. ನಮ್ಮ ಕಸುಬಿನ ಈ ಗುಟ್ಟು ಈಗ ವೈದ್ಯರಿಗೂ ಬೇಕಾಗಿದೆ.

ಪಾರ್ಶ್ವವಾಯುವಿಗೆ ತುತ್ತಾದವರನ್ನು, ಪಾರ್ಕಿನ್ಸನ್ ಕಾಯಿಲೆಯವರನ್ನು ವಿಡಿಯೋ ಕರೆಯ ಮೂಲಕವೇ ಪರೀಕ್ಷಿಸಿ ವ್ಯಾಯಾಮ, ಔಷಧಿಗಳನ್ನು ಗೊತ್ತುಮಾಡುವ ಪದ್ಧತಿ ಬಳಕೆಗೆ ಬಂದಿದೆ. ನಮ್ಮಲ್ಲಿ 2020ರ ಮಾರ್ಚ್‌ನಲ್ಲಿ ದೂರವೈದ್ಯಕೀಯಕ್ಕೆ ಮಾರ್ಗಸೂಚಿಯೂ ಹೊರಬಂತು. ಬಸ್ಸಿನ ಮೆಟ್ಟಿಲು ಹತ್ತುವುದೇ ಕಷ್ಟವಾದವರಿಗೆ ಇದು ದೊಡ್ಡ ಅನುಕೂಲ. ಆದರೆ ಪರದೆಯ ಮೇಲೆ ಎಲ್ಲವೂ ಕಾಣುತ್ತದೆಯೇ?

ಪಾರ್ಕಿನ್ಸನ್ ಇರುವವರ ಕೈ ತೊಡೆಯ ಮೇಲೆ ಸುಮ್ಮನಿದ್ದಾಗಲೂ ಸೆಕೆಂಡಿಗೆ ಸುಮಾರು 4ರಿಂದ 6 ಬಾರಿ ನಡುಗುತ್ತಿರುತ್ತದೆ. 25 ಚಿತ್ರಗಳಿದ್ದರೆ ಇದು ಸರಿಯಾಗಿಯೇ ಕಾಣುತ್ತದೆ. ಸಿಗ್ನಲ್ ಕುಂದಿ ಸೆಕೆಂಡಿಗೆ 8 ಚಿತ್ರಗಳಷ್ಟೇ ತಲುಪಿದರೆ, 5 ಬಾರಿಯ ನಡುಕ 3 ಬಾರಿಯದಂತೆ ತೋರುತ್ತದೆ. ಐದೇ ಚಿತ್ರ ತಲುಪಿತೆನ್ನಿ. ಲೆಕ್ಕದ ಪ್ರಕಾರ ಪ್ರತಿ ಚಿತ್ರದಲ್ಲೂ ಕೈ ಅದೇ ಜಾಗದಲ್ಲಿ ಸಿಕ್ಕಿ, ನಡುಗುವ ಕೈ ನಿಶ್ಚಲವಾಗಿಬಿಡುತ್ತದೆ! ಬೇಕಾದರೆ ಗ್ರಾಫ್ ಕಾಗದದ ಮೇಲೆ ಅಲೆಯೊಂದನ್ನು ಬರೆದು ಚುಕ್ಕೆಯಿಟ್ಟು ನೋಡಿ.

ಇನ್ನೊಂದು ಕೊರತೆಯನ್ನು ಯಾವ ಸಿಗ್ನಲ್ಲೂ ನೀಗಿಸಲಾರದು. ವೈದ್ಯರು ರೋಗಿಯ ತೋಳನ್ನು ಮಡಿಸಿ ಬಿಡಿಸುವಾಗ ಸ್ನಾಯುಗಳ ಬಿಗಿತ ಅವರ ಅಂಗೈಗೆ ತಿಳಿಯುತ್ತದೆ. ರೋಗಿಯ ಹಿಂದೆ ನಿಂತು ಭುಜಗಳನ್ನು ಥಟ್ಟನೆ ಎಳೆದು, ಎಷ್ಟು ಹೆಜ್ಜೆಯಲ್ಲಿ ಸಾವರಿಸಿಕೊಳ್ಳುತ್ತಾರೆಂದು ನೋಡುವ ಪರೀಕ್ಷೆಯೂ ಉಂಟು. ಎರಡೂ ಕ್ಯಾಮೆರಾಕ್ಕೆ ಎಟುಕವು. ಈ ಕಾಯಿಲೆಗೆಂದು 2008ರಲ್ಲಿ ಪರಿಷ್ಕರಿಸಿ ಪ್ರಕಟಿಸಿದ ಅಂತಾರಾಷ್ಟ್ರೀಯ ಮಾಪನದಲ್ಲಿ ಚಲನೆಯ ಭಾಗಕ್ಕೆ 33 ಅಂಕಗಳನ್ನು ಬರೆದುಕೊಳ್ಳುತ್ತಾರೆ, ಒಂದೊಂದೂ 0ಯಿಂದ 4ರವರೆಗೆ. ಬಿಗಿತದ 5, ಎಳೆತದ 1 ಬಿಟ್ಟರೆ ಉಳಿಯುವುದು 27. ಗರಿಷ್ಠ ಮೊತ್ತ 132ರಿಂದ 108ಕ್ಕೆ ಇಳಿಯುತ್ತದೆ. ನಿಮ್ಮ ಅಂಕಪಟ್ಟಿಗೆ ತದ್ವಿರುದ್ಧವಾಗಿ, ಇಲ್ಲಿ ಅಂಕ ಕಡಿಮೆಯಾದಷ್ಟೂ ಆರೋಗ್ಯ ಮೇಲು. ಆದ್ದರಿಂದ ಆಸ್ಪತ್ರೆಯ ಅಂಕದ ಪಕ್ಕದಲ್ಲಿ ವಿಡಿಯೋದ ಅಂಕವನ್ನು ಹಾಗೆಯೇ ಇಟ್ಟರೆ, ಪರೀಕ್ಷಿಸದೆ ಬಿಟ್ಟದ್ದೂ ಗುಣವಾದಂತೆ ಕಂಡೀತು. ನನ್ನ ದೃಷ್ಟಿಯಲ್ಲಿ ಮಸುಕು ಚಿತ್ರಕ್ಕಿಂತ ಹೆಚ್ಚಿನ ಅಪಾಯ ಇದು.

ಹಾಗೆಂದು ಮನೆಯ ಪರೀಕ್ಷೆ ಕೀಳೇನಲ್ಲ. ಆಸ್ಪತ್ರೆಯ ಅಗಲವಾದ ಮೊಗಸಾಲೆಯಲ್ಲಿ ಸರಾಗವಾಗಿ ನಡೆದವರು ಮನೆಯ ಹೊಸ್ತಿಲ ಮುಂದೆ ಕಾಲು ಅಂಟಿಕೊಂಡಂತೆ ನಿಂತುಬಿಡುವುದುಂಟು. ಆ ಹೊಸ್ತಿಲು ವೈದ್ಯರಿಗೆ ಕಾಣುವುದು ವಿಡಿಯೋದಲ್ಲೇ.

ಫೋನು ಹಿಡಿಯುವವರು ಬಹುಮಟ್ಟಿಗೆ ನಿಮ್ಮಂಥ ಮೊಮ್ಮಕ್ಕಳು. ಅಜ್ಜನ ಮುಖವನ್ನಷ್ಟೇ ತೋರಿಸಬೇಡಿ, ಪಾದಗಳೂ ಚೌಕಟ್ಟಿನೊಳಗೆ ಇರಲಿ. ಕಿಟಕಿಯ ಬೆಳಕು ಅವರ ಬೆನ್ನ ಹಿಂದೆ ಬೇಡ. ಫೋನನ್ನು ಮೇಜಿನ ಮೇಲೆ ಒರಗಿಸಿಡಿ. ನಿಮ್ಮ ಕೈ ಅಲುಗಿದರೆ ಯಾರ ನಡುಕ ಯಾವುದೆಂದು ತಿಳಿಯದು. ಚಿತ್ರ ತಡೆತಡೆದು ಬರುತ್ತಿದ್ದರೆ ವೈದ್ಯರಿಗೆ ಹೇಳಿ. ಅವರು ಒಪ್ಪಿದರೆ ಫೋನಿನಲ್ಲೇ ಚಿತ್ರೀಕರಿಸಿ ಆಮೇಲೆ ಕಳುಹಿಸಬಹುದು. ಅಜ್ಜ ಎದ್ದು ನಡೆಯುವಾಗ ಯಾರಾದರೊಬ್ಬರು ಕೈಗೆಟುಕುವಷ್ಟು ಹತ್ತಿರ ನಿಂತಿರಲಿ. ಭುಜ ಎಳೆದು ನೋಡುವ ಆ ಪರೀಕ್ಷೆಯನ್ನು ಮಾತ್ರ ಮನೆಯಲ್ಲಿ ಯಾರೂ ಮಾಡತಕ್ಕದ್ದಲ್ಲ.